ಉಸಿರು ತಲುಪಿದ ಮೇಲೆ

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಕೂತಮ್ಮ. ಶಾಲೆಗೆ ಹೊರಟರೆ ತಿರುವಿನ ಅಂಗಡಿಯ ಜಗಲಿ ಮೇಲೆ ಒಮ್ಮೆ ಕೂರುತ್ತಿದ್ದಳು. ಅಲ್ಲಿಂದ ಎದ್ದರೆ ಶಾಲೆಯ ಗೇಟಿನ ಪಕ್ಕದ ಕಲ್ಲಿನ ಮೇಲೆ ಇನ್ನೊಮ್ಮೆ. ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಗೆರೆ ಎಳೆದು ಕೊಡುವುದು ಇವಳ ಕೆಲಸ, ಯಾಕೆಂದರೆ ಗೆರೆಯನ್ನು ಕೂತುಕೊಂಡೇ ಎಳೆಯಬಹುದಿತ್ತು. ಅಪ್ಪ ಅವಳಿಗಿಂತ ಮೂರು ವರ್ಷ ದೊಡ್ಡವನು. ತನ್ನ ಚೀಲ ಒಂದು ಹೆಗಲಿಗೆ, ತಂಗಿಯ ಚೀಲ ಇನ್ನೊಂದು ಹೆಗಲಿಗೆ ಹಾಕಿಕೊಂಡು ಮುಂದೆ ಹೋಗಿ, ತಿರುಗಿ ನೋಡಿ, ಮತ್ತೆ ಹಿಂದಕ್ಕೆ ಬರುತ್ತಿದ್ದನಂತೆ. ತಾನು ಶಾಲೆಯ ದಾರಿಯನ್ನು ದಿನಾ ಎರಡೆರಡು ಸಲ ನಡೆದಿದ್ದೇನೆ ಎಂದು ಈಗಲೂ ಹೇಳುತ್ತಾನೆ.

ಅಜ್ಜಿಗೆ ಮಗಳನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದ್ದಳು. ಬೆಳಗ್ಗೆ ಮೇಜಿನ ಮುಂದೆ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು. ಹಬೆ, ಬಿಸಿ, ಒದ್ದೆ ಬಟ್ಟೆಯ ವಾಸನೆ. ಮನೆಗೆ ಬಂದರೆ ಮಗಳು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಪಾತ್ರೆ ಅರ್ಧ ತೊಳೆದಿರುತ್ತಿದ್ದಳು, ನೆಲ ಅರ್ಧ ಗುಡಿಸಿರುತ್ತಿದ್ದಳು. ಯಾವ ಕೆಲಸಕ್ಕೂ ಇಲ್ಲ ಅನ್ನುತ್ತಿರಲಿಲ್ಲ, ಆದರೆ ಯಾವುದೂ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ.

ಊಟವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದಳು. ತಿಂದದ್ದೆಲ್ಲ ಎಲ್ಲಿ ಹೋಗುತ್ತೆ ಇವಳಿಗೆ ಎಂದು ಅಜ್ಜಿ ತಟ್ಟೆ ತೆಗೆಯುವಾಗಲೆಲ್ಲ ಗೊಣಗುತ್ತಿದ್ದಳು. ಹಾಗೆಂದು ಸುಮ್ಮನೆ ಬಿಟ್ಟವಳೂ ಅಲ್ಲ. ಡಾಕ್ಟರುಗಳ ಹತ್ತಿರ ಕರೆದುಕೊಂಡು ಹೋದಳು. ಒಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಇನ್ನೊಬ್ಬರು ಎದೆಗೆ ಕೊಳವೆ ಇಟ್ಟು ಹೃದಯ, ಶ್ವಾಸಕೋಶ ಎರಡೂ ಗಟ್ಟಿ ಇವೆ ಎಂದರು. ಹುಡುಗಿ ಸ್ವಲ್ಪ ಮನಸ್ಸು ಮಾಡಬೇಕು ಅಷ್ಟೇ ಎಂದವರೂ ಇದ್ದರು. ಆ ಮಾತು ಅತ್ತೆಯ ತಲೆಯಲ್ಲಿ ಬೇರೂರಿತು. ತನಗೆ ಕೊರತೆಯಿರುವುದು ಮನಸ್ಸಿನದೇ ಎಂದು ಅವಳು ನಂಬಿದಳು. ಏಳುವಾಗಲೆಲ್ಲ ತನ್ನನ್ನು ತಾನೇ ಬೈದುಕೊಂಡು ಏಳುವುದನ್ನು ಅಭ್ಯಾಸ ಮಾಡಿಕೊಂಡಳು.

ಶಾಲೆ ಮುಗಿದ ಮೇಲೆ ಕೂತು ಮಾಡುವ ಕೆಲಸ ಹುಡುಕಬೇಕಾಯಿತು. ಹೊಲಿಗೆ ಅಂಗಡಿಯೊಂದರಲ್ಲಿ ಕಾಜಾ ಹಾಕುವ, ಗುಂಡಿ ಹೊಲಿಯುವ, ಅಂಚು ಮಡಿಸುವ ಕೆಲಸ ಸಿಕ್ಕಿತು. ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಕೆಳಗೆ ಬಣ್ಣದ ಡಬ್ಬಿ ಮಾರುವ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಅತ್ತೆ ಎಲ್ಲರಿಗಿಂತ ಮೊದಲೇ ಬಂದು, ಯಾರೂ ನೋಡದ ಹಾಗೆ ಮೆಟ್ಟಿಲ ನಡುವೆ ಕೂತು ಸುಧಾರಿಸಿಕೊಂಡು ಮೇಲೆ ಹೋಗುತ್ತಿದ್ದಳು. ಒಮ್ಮೆ ಕಿಟಕಿ ಪಕ್ಕ ತನ್ನ ಜಾಗದಲ್ಲಿ ಕೂತರೆ ಮುಗಿಯಿತು, ಅವಳ ಕೈಗೆ ಸಾಟಿ ಇರಲಿಲ್ಲ. ಸಣ್ಣ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು, ದಾರ ಎಲ್ಲೂ ಬಿಗಿಯಿಲ್ಲ, ಸಡಿಲವಿಲ್ಲ.

ಆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಸಣಕಲು ಮನುಷ್ಯ. ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು. ಬಟ್ಟೆಯನ್ನು ಮೇಜಿನ ಮೇಲೆ ಹರವಿ ಅದರ ಜೊತೆ ಮಾತಾಡುವ ಹಾಗೆ ತುಟಿ ಅಲ್ಲಾಡಿಸುತ್ತಿದ್ದರು, ಮನುಷ್ಯರ ಜೊತೆ ಮಾತ್ರ ಮಾತು ಕಡಿಮೆ. ಅತ್ತೆ ಹಾಕಿದ ಕಾಜಾವನ್ನು ಒಂದು ದಿನ ಬೆಳಕಿಗೆ ಹಿಡಿದು ನೋಡಿ, ಇದರೊಳಗೆ ಹೋದ ಗುಂಡಿಗೆ ಹೊರಗೆ ಬರೋಕೆ ಮನಸ್ಸೇ ಆಗಲ್ಲ ಎಂದರಂತೆ. ಅವರ ಬಾಯಿಂದ ಅಷ್ಟುದ್ದದ ಮಾತು ಬಂದದ್ದು ಕೇಳಿ ಹೊಲಿಗೆ ಯಂತ್ರಗಳೆಲ್ಲ ಒಂದು ಗಳಿಗೆ ನಿಂತವು ಎಂದು ಅತ್ತೆ ಈಗಲೂ ನಗುತ್ತಾಳೆ.

ಒಂದು ಮಧ್ಯಾಹ್ನ ಯಜಮಾನರು ಅವಳ ಕೈಗೆ ಸಮವಸ್ತ್ರದ ಗಂಟು ಕೊಟ್ಟು ಹತ್ತಿರದ ಶಾಲೆಗೆ ಮುಟ್ಟಿಸಿ ಬಾ ಎಂದರು. ಕೊಟ್ಟು ಬಂದಳು. ಗಂಟಿನಲ್ಲಿ ಎರಡು ಅಂಗಿ ಬಿಟ್ಟುಹೋಗಿದ್ದವು, ಬೇಗ ಹೋಗಿ ಬಾ ಎಂದು ಮತ್ತೆ ಕಳಿಸಿದರು. ಬೇಗ ಎಂದದ್ದಕ್ಕೆ ಅತ್ತೆ ಎಲ್ಲೂ ಕೂರಲಿಲ್ಲ. ತಿರುಗಿ ಬಂದು ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳು ಕಲ್ಲಿನಂತೆ ಬಿಗಿದುಕೊಂಡವು. ವಾಂತಿ ಮಾಡಿಕೊಂಡಳು, ಗೋಡೆ ಹಿಡಿದು ಕುಸಿದಳು. ಸದ್ದು ಕೇಳಿ ಓಡಿ ಬಂದವರು ಮಾಸ್ಟರ್. ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರಂತೆ. ಬಾಡಿಗೆ ಗಾಡಿಯಲ್ಲಿ ಕೂರಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು, ಅಣ್ಣನಿಗೆ ಹೇಳಿ ಕಳಿಸಿದರು. ಅಪ್ಪ ಆಗ ಬಡಗಿ ಕೆಲಸ ಕಲಿತು ಒಂದು ಕಾರ್ಖಾನೆಯಲ್ಲಿದ್ದ. ತಲೆ ತುಂಬ ಮರದ ಪುಡಿ ಹೊತ್ತುಕೊಂಡೇ ಆಸ್ಪತ್ರೆಗೆ ಬಂದ.

ಅಲ್ಲಿ ಸಿಕ್ಕ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಬೇರೆ ಡಾಕ್ಟರುಗಳ ಹಾಗೆ ದಣಿವಾಗುತ್ತಾ, ಎಷ್ಟು ದಿನದಿಂದ ಎಂದು ಕೇಳಿ ಮುಗಿಸಲಿಲ್ಲ. ದಣಿವು ಅಂದರೆ ನಿಮಗೆ ಏನು, ಅದು ಮೈಯಲ್ಲಿ ಎಲ್ಲಿ ಶುರುವಾಗುತ್ತೆ ಎಂದು ಕೇಳಿದರು. ಅತ್ತೆಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ತೊಡೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು:

"ಉಸಿರೇನೋ ಬರುತ್ತೆ ಡಾಕ್ಟರೇ. ಬಂದ ಉಸಿರು ಕಾಲಿಗೆ ಕೆಲಸಕ್ಕೆ ಬರಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಆಮೇಲೆ ಪರೀಕ್ಷೆಗಳು ಶುರುವಾದವು.

ಒಂದು ಪರೀಕ್ಷೆಯನ್ನು ಅತ್ತೆ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆ. ನಿಂತಲ್ಲೇ ನಿಂತಿರುವ ಸೈಕಲ್ಲಿನ ಮೇಲೆ ಕೂರಿಸಿ, ಮೂಗು ಬಾಯಿಗೆ ಮುಖವಾಡ ಕಟ್ಟಿ ಪೆಡಲ್ ತುಳಿಯಲು ಹೇಳಿದರು. ಮುಖವಾಡದಿಂದ ಹೊರಟ ಕೊಳವೆ ಒಂದು ಯಂತ್ರಕ್ಕೆ ಸೇರಿತ್ತು. ಒಳಗೆ ಹೋಗುವ ಗಾಳಿಯಲ್ಲಿ ಎಷ್ಟು ಆಮ್ಲಜನಕ, ಹೊರಗೆ ಬರುವುದರಲ್ಲಿ ಎಷ್ಟು ಉಳಿದಿದೆ, ಇಂಗಾಲದ ಡೈಆಕ್ಸೈಡ್ ಎಷ್ಟು ಎಂದೆಲ್ಲ ಅದು ಅಳೆಯುತ್ತಿತ್ತು. ನಡುವೆ ತೋಳಿನ ರಕ್ತನಾಳದಿಂದ ರಕ್ತ ತೆಗೆದರು. ಸೂಜಿ ಹಿಡಿದಿದ್ದ ನರ್ಸು ಆ ರಕ್ತ ನೋಡಿ ಡಾಕ್ಟರಮ್ಮನನ್ನು ಕರೆದರು. ಮೈಯೆಲ್ಲ ಸುತ್ತಿ, ಆಮ್ಲಜನಕ ಹಂಚಿ ವಾಪಸು ಬರುವ ರಕ್ತ ಸ್ವಲ್ಪ ಕಪ್ಪಾಗಿರಬೇಕು. ಇವಳದು ಅಷ್ಟು ಪೆಡಲ್ ತುಳಿದ ಮೇಲೂ ಹೃದಯದಿಂದ ಹೊರಟಾಗಿನ ಹಾಗೆ ಕೆಂಪಗೇ ಇತ್ತು. ತೊಡೆಯಿಂದ ಸ್ನಾಯುವಿನ ಚಿಕ್ಕ ಚೂರೊಂದನ್ನೂ ತೆಗೆದುಕೊಂಡರು.

ಫಲಿತಾಂಶ ಹೇಳುವ ದಿನ ಅಜ್ಜಿ, ಅಪ್ಪ, ಅತ್ತೆ ಮೂವರೂ ಹೋದರು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಮೈ ಅನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ ಎಂದು ಶುರುಮಾಡಿದರು. ನಾವು ಮೂಗಿನಿಂದ ಎಳೆಯುವುದು ಉಸಿರಾಟದ ಅರ್ಧ ಕಥೆ ಮಾತ್ರ. ಉಳಿದರ್ಧ ನಡೆಯುವುದು ಪ್ರತಿಯೊಂದು ಕೋಶದ ಒಳಗೆ. ಊಟದಿಂದ ಬಂದ ಸಕ್ಕರೆಯ ಅಂಶ, ಅಂದರೆ ಗ್ಲೂಕೋಸ್, ರಕ್ತದಲ್ಲಿ ತೇಲಿ ಅಲ್ಲಿಗೆ ಬರುತ್ತೆ. ಉಸಿರಿನಿಂದ ಬಂದ ಆಮ್ಲಜನಕವೂ ಬರುತ್ತೆ. ಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಅಂಗಗಳಿವೆ. ಗ್ಲೂಕೋಸನ್ನು ಹಂತಹಂತವಾಗಿ ಒಡೆದಾಗ ಉಳಿಯುವುದನ್ನು ಕೊನೆಯಲ್ಲಿ ಆಮ್ಲಜನಕದ ಜೊತೆ ಸೇರಿಸುವುದು ಅವುಗಳ ಕೆಲಸ. ಅದರಿಂದ ಇಂಗಾಲದ ಡೈಆಕ್ಸೈಡ್ ಬರುತ್ತೆ, ಅದನ್ನು ನಾವು ಉಸಿರಾಗಿ ಹೊರಗೆ ಬಿಡುತ್ತೇವೆ. ನೀರು ಬರುತ್ತೆ. ಜೊತೆಗೆ ಶಕ್ತಿ ಬರುತ್ತೆ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕೈ ಎತ್ತುವುದಕ್ಕೆ, ರೆಪ್ಪೆ ತೆರೆಯುವುದಕ್ಕೆ, ಎದೆ ಬಡಿಯುವುದಕ್ಕೆ ಬೇಕಾಗುವ ಶಕ್ತಿಯಲ್ಲಿ ಹೆಚ್ಚಿನದು ಅಲ್ಲಿಂದಲೇ ಬರಬೇಕು.

"ನಿಮಗೆ ಊಟ ಸರಿಯಾಗೇ ಸೇರುತ್ತೆ, ಉಸಿರೂ ಸರಿಯಾಗೇ ತಲುಪುತ್ತೆ," ಎಂದರು ಡಾಕ್ಟರಮ್ಮ. "ತಲುಪಿದ ಮೇಲೆ ಆಗಬೇಕಾದ ಕೆಲಸ ನಿಧಾನ. ಬಂದ ಆಮ್ಲಜನಕದಲ್ಲಿ ಬಹಳಷ್ಟು ಬಳಕೆಯಾಗದೆ ಹಾಗೇ ವಾಪಸು ಹೋಗುತ್ತೆ."

ಹೀಗೆ ಆಗುವಾಗ ಸ್ನಾಯುಗಳು ಆಮ್ಲಜನಕ ಬೇಡದ ಅಡ್ಡದಾರಿ ಹಿಡಿಯುತ್ತವೆ, ಅದರಲ್ಲಿ ಸಿಗುವ ಶಕ್ತಿ ತೀರಾ ಕಡಿಮೆ, ಜೊತೆಗೆ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತೆ, ವಾಂತಿ ಬಂದದ್ದು ಅದಕ್ಕೇ ಎಂದು ವಿವರಿಸಿದರು. ಅಪ್ಪ ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡ. ಅತ್ತೆಯ ಗಮನ ಮಾತ್ರ ಇನ್ನೆಲ್ಲೋ ಸಿಕ್ಕಿಹಾಕಿಕೊಂಡಿತ್ತು. ಅಂದರೆ ನಾನು ಕೂತಲ್ಲೇ ನೀರು ಮಾಡ್ತೀನಾ ಎಂದು ಕೇಳಿದಳು. ಹೌದು, ಎಲ್ಲರೂ ಮಾಡುತ್ತಾರೆ, ದಿನಕ್ಕೆ ಒಂದು ಲೋಟದಷ್ಟು ಹೊಸ ನೀರು ಮೈಯಲ್ಲೇ ಹುಟ್ಟುತ್ತೆ ಎಂದು ಡಾಕ್ಟರಮ್ಮ ನಕ್ಕರು. ಅತ್ತೆಗೆ ಅದು ಬಹಳ ಹಿಡಿಸಿತು. ಇಷ್ಟು ವರ್ಷ ತಾನು ಏನೂ ಮಾಡದೆ ಕೂತಿದ್ದೆ ಅಂದುಕೊಂಡ ಹೊತ್ತಿನಲ್ಲೆಲ್ಲ ಒಳಗೆ ಏನೋ ನಡೆಯುತ್ತಲೇ ಇತ್ತು.

ಅಜ್ಜಿ ಅದುವರೆಗೆ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹಾಗಾದರೆ ಇವಳು ಸೋಮಾರಿ ಅಲ್ವಾ?"

"ಅಲ್ಲಮ್ಮ. ಬೇರೆ ಮಕ್ಕಳು ಗುಡ್ಡ ಹತ್ತೋಕೆ ಪಡೋ ಕಷ್ಟವನ್ನ ಇವರು ಶಾಲೆಗೆ ನಡೆಯೋಕೆ ಪಟ್ಟಿದ್ದಾರೆ."

ಅಜ್ಜಿ ತಲೆ ತಗ್ಗಿಸಿದಳು. ಡಾಕ್ಟರಮ್ಮ ಮುಂದಿನ ಮಾತನ್ನು ಇನ್ನೂ ನಿಧಾನವಾಗಿ ಹೇಳಿದರು. ಇವಳಲ್ಲಿ ಇರುವ ಬಗೆಯ ದೋಷ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಮೈಟೋಕಾಂಡ್ರಿಯಾ ನಮಗೆ ಬರುವುದೇ ತಾಯಿಯ ಕಡೆಯಿಂದ. ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಇದ್ದೂ ಇಲ್ಲದಷ್ಟು. ಹೀಗೆ ಹೇಳುತ್ತ ಅವರು ಅಜ್ಜಿಯ ಮುಖವನ್ನೇ ನೋಡುತ್ತಿದ್ದರು. ಅಜ್ಜಿಯ ರೆಪ್ಪೆಗಳು ಯಾವಾಗಲೂ ಅರ್ಧ ಮುಚ್ಚಿಕೊಂಡ ಹಾಗೆ ಇರುತ್ತಿದ್ದವು. ನಿದ್ದೆಗಣ್ಣಿನವಳು ಎಂದು ಲಾಂಡ್ರಿಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಅದು ಅವಳ ಮುಖದ ಚಹರೆ ಎಂದೇ ಮನೆಯವರೆಲ್ಲ ತಿಳಿದಿದ್ದರು.

ಎರಡೂ ಕೈ ಮೇಲೆತ್ತಿ ಹಾಗೇ ಹಿಡಿದುಕೊಳ್ಳಿ ಎಂದರು ಡಾಕ್ಟರಮ್ಮ. ಅಜ್ಜಿ ಎತ್ತಿದಳು. ಸ್ವಲ್ಪ ಹೊತ್ತಿಗೇ ಕೈಗಳು ನಡುಗುತ್ತ ಇಳಿದವು. ಕೈ ಊರದೆ ಕುರ್ಚಿಯಿಂದ ಏಳಿ ಎಂದರು. ಅಜ್ಜಿಗೆ ಆಗಲಿಲ್ಲ. ಇನ್ನೊಂದು ಸಲ ನೋಡಿದಳು, ಆಗಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಅವಳು ಡಾಕ್ಟರಿಗೆ ಉತ್ತರ ಕೊಡದೆ ಮಗಳ ಕಡೆ ತಿರುಗಿದಳು.

"ಎಲ್ಲರಿಗೂ ಹೀಗೇ ಆಗುತ್ತೆ ಅಂದುಕೊಂಡಿದ್ದೆ ಕಣೇ. ನಿಂತು ನಿಂತು ಕಾಲು ಉರಿಯೋದು, ಸಂಜೆಗೆ ತಲೆ ಬಾಚ್ಕೊಳ್ಳೋಕೂ ಕೈ ಏಳದೆ ಇರೋದು. ಬೇರೆಯವರು ಹೇಳ್ಕೊಳ್ಳಲ್ಲ, ನಾನೂ ಹೇಳ್ಕೊಳ್ಳಲಿಲ್ಲ. ನಾನು ತಡ್ಕೊಳ್ತೀನಲ್ಲ, ಇವಳಿಗೇನು ಅಂತ ಸಿಟ್ಟು ಬರೋದು."

ಪರೀಕ್ಷೆ ಮಾಡಿದಾಗ ಅಜ್ಜಿಯಲ್ಲೂ ಅದೇ ದೋಷ ಸ್ವಲ್ಪ ಕಡಿಮೆ ಮಟ್ಟದಲ್ಲಿ ಇರುವುದು ಗೊತ್ತಾಯಿತು. ಅಪ್ಪನಲ್ಲಿ ಲೆಕ್ಕಕ್ಕೆ ಇಲ್ಲದಷ್ಟು. ಗಂಡಸರಿಂದ ಅದು ಮುಂದಿನವರಿಗೆ ಹೋಗುವುದೂ ಇಲ್ಲ, ಹಾಗಾಗಿ ನನಗೆ ಆ ಭಯ ಇಲ್ಲ.

ಡಾಕ್ಟರಮ್ಮ ಇದೆಲ್ಲ ಹೇಳಿದ ದಿನ, ಅಪ್ಪ ಔಷಧಿ ತರಲು ಹೋದಾಗ ತಾಯಿ ಮಗಳಿಬ್ಬರೂ ಆಸ್ಪತ್ರೆಯ ಓಣಿಯಲ್ಲಿದ್ದ ಬೆಂಚಿನ ಮೇಲೆ ಕೂತರು. ನನ್ನಿಂದಲೇ ಬಂತಲ್ಲ ನಿನಗೆ ಎಂದಳು ಅಜ್ಜಿ. ಅತ್ತೆ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಇಸ್ತ್ರಿಯ ಬಿಸಿಗೆ ಬೆರಳ ತುದಿಗಳೆಲ್ಲ ನುಣುಪಾಗಿದ್ದ ಕೈ.

"ಈ ಕೈಗುಣನೂ ನಿನ್ನಿಂದಲೇ ಬಂದದ್ದು. ಅದನ್ನ ಯಾಕೆ ಬಿಟ್ಟೆ?"

ಅಪ್ಪ ಔಷಧಿ ಹಿಡಿದುಕೊಂಡು ಬಂದಾಗ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿಕೊಂಡಿದ್ದರು. ಹೋಗೋಣವೇ ಎಂದ. ಇನ್ನೂ ಸ್ವಲ್ಪ ಹೊತ್ತು ಕೂರೋಣ ಎಂದವಳು ಅಜ್ಜಿ. ತನ್ನ ಜನ್ಮದಲ್ಲಿ ಅಮ್ಮ ಆ ಮಾತು ಆಡಿದ್ದನ್ನು ಮೊದಲ ಸಲ ಕೇಳಿದೆ ಎನ್ನುತ್ತಾನೆ ಅಪ್ಪ.

ಆ ಕಾಯಿಲೆಗೆ ಪೂರ್ತಿ ಗುಣವಾಗುವ ಔಷಧಿ ಇರಲಿಲ್ಲ. ಒಂದಿಷ್ಟು ಗುಳಿಗೆ ಕೊಟ್ಟರು. ಊಟ ಬಿಡಬಾರದು, ಅವಸರ ಮಾಡಬಾರದು, ಸುಸ್ತಾದ ಮೇಲೆ ಅಲ್ಲ, ಸುಸ್ತಾಗುವ ಮೊದಲೇ ಕೂರಬೇಕು, ದಿನಾ ಸ್ವಲ್ಪ ಸ್ವಲ್ಪ ನಡೆದು ಸ್ನಾಯುಗಳಿಗೆ ಅಭ್ಯಾಸ ಮಾಡಿಸಬೇಕು ಎಂದರು. ಅಪ್ಪ ಮನೆಯನ್ನೇ ಕುರ್ಚಿಗಳಿಂದ ತುಂಬಿಸಿದ. ಒಲೆಯ ಹತ್ತಿರ ಒಂದು, ಬಚ್ಚಲ ಬಾಗಿಲಲ್ಲಿ ಒಂದು. ನಡೆಯೋಕೆ ಜಾಗ ಬಿಡು ಮಾರಾಯ ಎಂದು ಅತ್ತೆ ಬೇಡಿಕೊಳ್ಳಬೇಕಾಯಿತು.

ಲಾಂಡ್ರಿಯ ಯಜಮಾನರು ಮಾತ್ರ ಕೂತು ಇಸ್ತ್ರಿ ಮಾಡುವುದು ಎಲ್ಲಾದರೂ ಉಂಟೇ ಎಂದು ಹುಬ್ಬು ಗಂಟಿಕ್ಕಿದರು. ಮೇಜು ಎತ್ತರ ಇದೆ, ಕೂತರೆ ಕೈ ಎಟುಕಲ್ಲ. ರಜೆಯ ದಿನ ಅಪ್ಪ ಗರಗಸ ತೆಗೆದುಕೊಂಡು ಹೋಗಿ, ಅವರ ಎದುರಿಗೇ ಅಜ್ಜಿಯ ಮೇಜಿನ ಕಾಲುಗಳನ್ನು ಅಳತೆ ಮಾಡಿ ಕುಯ್ದ. ಮಾರನೆಯ ದಿನದಿಂದ ಅಜ್ಜಿ ಕೂತು ಇಸ್ತ್ರಿ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಮಡಿಸಿಟ್ಟ ಬಟ್ಟೆ ಎಂದಿಗಿಂತ ಜಾಸ್ತಿಯೇ ಇತ್ತು. ಉಳಿದ ಹೆಂಗಸರು ನಮ್ಮ ಮೇಜನ್ನೂ ಕುಯ್ದು ಕೊಡಪ್ಪ ಎಂದು ಅಪ್ಪನನ್ನು ಹಿಡಿದುಕೊಂಡರು. ಯಜಮಾನರು ಒಂದೆರಡು ವಾರ ಮುಖ ದಪ್ಪ ಮಾಡಿಕೊಂಡಿದ್ದು, ಆಮೇಲೆ ತಾವೂ ಒಂದು ಕುರ್ಚಿ ಹಾಕಿಸಿಕೊಂಡರು.

ಮಾಸ್ಟರ್ ಈ ಮಧ್ಯೆ ಅಂಗಿಗಳ ಗಂಟನ್ನು ತಾವೇ ಅತ್ತೆಯ ಮನೆಗೆ ತರತೊಡಗಿದ್ದರು. ಮೆಟ್ಟಿಲು ಹತ್ತುವುದು ತಪ್ಪಲಿ ಎಂದು ನೆಪ. ಗಂಟು ಕೊಟ್ಟು ಹೋಗುವವರು ನೀರು ಕುಡಿದು ಹೋಗುವಂತಾದರು, ನೀರು ಕುಡಿದು ಹೋಗುವವರು ಅಲ್ಲೇ ಕೂತು ಕಾಜಾಕ್ಕೆ ಗುರುತು ಹಾಕಿಕೊಡುವಂತಾದರು. ಒಂದು ದಿನ ಮದುವೆಯ ಮಾತೆತ್ತಿದರು. ಅತ್ತೆ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ತನ್ನ ಕಾಲು ಮುಂದೆ ಇನ್ನೂ ಸೋಲಬಹುದು. ಮಕ್ಕಳಾದರೆ ಅವರಿಗೂ ಇದು ಹೋಗಬಹುದು, ತನಗಿಂತ ಜಾಸ್ತಿಯೂ ಆಗಬಹುದು. ಅದಕ್ಕೇ ತಾನು ಹೆರುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ ಎಂದಳು. ಮಾಸ್ಟರ್ ಎದ್ದು ಹೋದರು. ಹಲವು ದಿನ ಗಂಟನ್ನು ಬೇರೆಯವರ ಕೈಯಲ್ಲಿ ಕಳಿಸಿದರು. ಅತ್ತೆ ಆ ಅಂಗಿಗಳಿಗೂ ಅಷ್ಟೇ ಶ್ರದ್ಧೆಯಿಂದ ಕಾಜಾ ಹಾಕಿದಳು, ಆದರೆ ಅಜ್ಜಿ ತನ್ನತ್ತ ನೋಡಿದಾಗಲೆಲ್ಲ ದಾರ ಕಣ್ಣಿಗೆ ಕಾಣುತ್ತಿಲ್ಲ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಾಸ್ಟರ್ ಮತ್ತೆ ಬಂದಾಗ ಕೈಯಲ್ಲಿ ಗಂಟು ಇರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು.

"ನನಗೆ ಮಕ್ಕಳ ಆಸೆ ಇತ್ತು. ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ನಿಮ್ಮನ್ನ ಬಿಟ್ಟು ಆ ಆಸೆ ಒಂದನ್ನೇ ಇಟ್ಕೊಂಡು ನಾನೇನು ಮಾಡಲಿ?"

ಒಳಗೆ ಬಂದು ಕೂತ್ಕೊಳ್ಳಿ ಎಂದಳು ಅತ್ತೆ. ಹೀಗೆ ಅವರು ನನ್ನ ಮಾವ ಆದರು.

ಇಬ್ಬರೂ ಸೇರಿ ನೆಲದ ಮಟ್ಟದಲ್ಲೇ ಒಂದು ಕೋಣೆ ಹಿಡಿದು ಸ್ವಂತ ಅಂಗಡಿ ಇಟ್ಟರು. ನಾನು ಬೆಳೆದದ್ದು ಹೆಚ್ಚುಕಡಿಮೆ ಅಲ್ಲೇ, ಬಟ್ಟೆಯ ಚೂರುಗಳ ರಾಶಿಯ ಮೇಲೆ. ಶಾಲೆಯಲ್ಲಿ ಜೀವಕೋಶದ ಉಸಿರಾಟದ ಪಾಠ ಬಂದಾಗ ಅಲ್ಲೇ ಕೂತು ಬಾಯಿಪಾಠ ಮಾಡಿದೆ. ಗ್ಲೂಕೋಸ್ ಮತ್ತು ಆಮ್ಲಜನಕ ಸೇರಿ ಇಂಗಾಲದ ಡೈಆಕ್ಸೈಡ್, ನೀರು ಉಂಟಾಗಿ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅತ್ತೆ ಸೂಜಿ ನಿಲ್ಲಿಸಿ ಕೇಳಿಸಿಕೊಂಡಳು. ನಿಮ್ಮ ಪುಸ್ತಕದಲ್ಲಿ ಅದೆಷ್ಟು ಸಲೀಸಾಗಿ ಆಗಿಬಿಡುತ್ತೆ ಎಂದು ನಕ್ಕಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ತನಗೆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಈ ಕಥೆಯ ಬಹುಭಾಗ ನನಗೆ ಗೊತ್ತಾದದ್ದು ಆ ಸಂಜೆಯೇ.

ಅಜ್ಜಿ ಕೊನೆಯ ವರ್ಷಗಳಲ್ಲಿ ಕೆಲಸ ಬಿಟ್ಟು ಅಂಗಡಿಯ ಮೂಲೆಯ ಆರಾಮ ಕುರ್ಚಿಗೆ ಬಂದಳು. ರೆಪ್ಪೆಗಳು ಪೂರ್ತಿ ಇಳಿದುಬಿಟ್ಟಿದ್ದವು, ನೋಡಬೇಕಾದರೆ ಬೆರಳಿನಿಂದ ಎತ್ತಿ ಹಿಡಿದುಕೊಳ್ಳುತ್ತಿದ್ದಳು. ಅತ್ತೆ ದಿನಾ ಸಂಜೆ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅರ್ಧ ಬಾಚಿ, ಸ್ವಲ್ಪ ಕೂತು, ಮಿಕ್ಕ ಅರ್ಧ. ಯಾರಿಗೂ ಅವಸರ ಇರಲಿಲ್ಲ. ಒಂದು ಸಂಜೆ ಹಾಗೆ ಜಡೆ ಹಾಕಿಸಿಕೊಂಡ ಮೇಲೆ, ಕೂತಲ್ಲೇ, ಮಗಳ ಕೈ ಹೆಗಲ ಮೇಲೆ ಇರುವಾಗಲೇ ಅಜ್ಜಿ ಹೊರಟುಹೋದಳು.

ಹೋದ ವರ್ಷ ಊರಾಚೆಯ ಕೆರೆ ನೋಡಲು ಎಲ್ಲರೂ ಬಸ್ಸಿನಲ್ಲಿ ಹೋಗಿದ್ದೆವು. ಅತ್ತೆ ಏರಿಯ ಮೇಲೆ ಸ್ವಲ್ಪ ದೂರ ನಡೆದು ಹುಲ್ಲಿನ ಮೇಲೆ ಕೂತಳು. ನಾವೂ ಕೂರಲು ಹೊರಟರೆ ಗದರಿಸಿದಳು, ನೀವೆಲ್ಲ ಒಂದು ಸುತ್ತು ಹಾಕಿ ಬನ್ನಿ, ನನಗೊಬ್ಬಳಿಗೇ ಇರೋಕೆ ಬಿಡಿ ಎಂದಳು. ಮಾವನ ಮುಖ ಸಣ್ಣದಾಯಿತು. ಆದರೂ ಹೋದರು, ನಾವೂ ಹೋದೆವು. ಸುತ್ತು ಮುಗಿಸಿ ಬಂದಾಗ ಹುಲ್ಲಿನ ಮೇಲೆ ಅವಳ ಚಪ್ಪಲಿ ಮಾತ್ರ ಇತ್ತು. ಗಾಬರಿಯಾಗಿ ನೋಡಿದರೆ ಅತ್ತೆ ಕೆಳಗೆ ಇಳಿದು, ಸೀರೆ ಸ್ವಲ್ಪ ಎತ್ತಿ ಹಿಡಿದುಕೊಂಡು, ಕಾಲಿನ ಹರಡು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಅಷ್ಟು ಕೆಳಗೆ ಯಾಕೆ ಇಳಿದೆ, ಮತ್ತೆ ಹತ್ತಬೇಕಲ್ಲ ಎಂದು ಮಾವ ಮೇಲಿಂದಲೇ ಕೇಳಿದರು.

"ಬೆಳಗ್ಗೆಯಿಂದ ಶಕ್ತಿನ ಇದಕ್ಕೇ ಅಂತ ಉಳಿಸ್ಕೊಂಡಿದ್ದೆ," ಎಂದಳು ಅತ್ತೆ. "ನೀವೂ ಇಳಿದು ಬನ್ನಿ, ತಣ್ಣಗಿದೆ."

ಮಾವ ಕೊರಳಿನ ಟೇಪನ್ನು ತೆಗೆದು ನನ್ನ ಕೈಗೆ ಕೊಟ್ಟು, ಪ್ಯಾಂಟು ಮಡಿಸಿಕೊಂಡು, ಜಾರುವ ಕಲ್ಲುಗಳ ಮೇಲೆ ಒಂದೊಂದೇ ಕಾಲಿಟ್ಟು ಇಳಿಯತೊಡಗಿದರು.